ಶನಿವಾರದ ಎರಡು ಪೀರಿಯಡ್ಡು

ನನ್ನ ಪಾಲಿಗೆ ಇರುವುದು ವಾರಕ್ಕೆ ಎರಡೇ ಎರಡು ಪೀರಿಯಡ್ಡು. ಶನಿವಾರ ಬೆಳಿಗ್ಗೆ ಮೊದಲನೆಯದು ಮತ್ತು ಎರಡನೆಯದು. ನಲವತ್ತಮೂರು ವರ್ಷದಿಂದ ಅವೇ ಎರಡು. ಸೋವಿಯತ್ ಕಾಲದಲ್ಲಿ ಇದ್ದವು, ಅದು ಮುರಿದುಬಿದ್ದ ಮೇಲೂ ಇದ್ದವು, ಸಂಬಳದ ಬದಲು ಹಿಟ್ಟಿನ ಮೂಟೆ ಕೊಟ್ಟ ವರ್ಷಗಳಲ್ಲೂ ಇದ್ದವು. ಆ ಎರಡು ಪೀರಿಯಡ್ಡಿನಲ್ಲಿ, ಹಿಂದೆ ಚೀನಾದಿಂದ ತಪ್ಪಿಸಿಕೊಂಡು ಈ ಕಿರ್ಗಿಜ್ ನಾಡಿಗೆ ಬಂದವರ ವಂಶದ ನಮ್ಮೂರ ಮಕ್ಕಳು ಅಜ್ಜಿ ಆಡುವ ಮಾತನ್ನು ಕಾಗದದ ಮೇಲೆ ಇಳಿಸುವುದನ್ನು ಕಲಿಯುತ್ತಾರೆ. ಮಿಕ್ಕ ವಾರವೆಲ್ಲ ರಷ್ಯನ್, ಕಿರ್ಗಿಜ್, ಇಂಗ್ಲಿಷ್, ಲೆಕ್ಕ, ಡ್ರಿಲ್ಲು. ಇಷ್ಟರಲ್ಲಿ ನಮ್ಮದಕ್ಕೆ ಸಿಕ್ಕಿದ್ದು ಎರಡು, ಅದನ್ನೂ ಕಿತ್ತುಕೊಳ್ಳಲು ಬಂದರು. ಶತ್ರುಗಳಾಗಿ ಬಂದಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಇವರು ನೆಂಟರಾಗಿ, ಕೈಯಲ್ಲಿ ಚಹಾದ ಡಬ್ಬಿ ಹಿಡಿದುಕೊಂಡು ಬಂದರು.

ಡಬ್ಬಿ ತಂದವನು ನಮ್ಮ ಶಾಲೆಯ ಹೆಡ್ ಮೇಷ್ಟ್ರು ಇಸ್ಮಾರ್. ನಾನು ಟೀಚರಾದ ಮೊದಲ ವರ್ಷ ಮೂಗು ಸೋರಿಸಿಕೊಂಡು ಮೊದಲ ಬೆಂಚಿನಲ್ಲಿ ಕೂತಿದ್ದ ಹುಡುಗ. ಈಗ ಐವತ್ತು ವರ್ಷ, ಹೊಟ್ಟೆ ಬಂದಿದೆ. ಮೇಲಾಗಿ ನನ್ನ ತಮ್ಮನ ಮಗಳು ಸೈದೆಯನ್ನು ತನ್ನ ಮಗನಿಗೆ ತಂದುಕೊಳ್ಳುತ್ತಿದ್ದ. ನಾನು ಅಂಗಳದಲ್ಲಿ ಬೆಳ್ಳುಳ್ಳಿ ಜಡೆ ಹೆಣೆಯುತ್ತ ಕೂತಿದ್ದೆ. ಅವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತಾನೂ ನಾಲ್ಕು ಗಡ್ಡೆ ಎತ್ತಿಕೊಂಡ. ಹಾಗೆ ಕೂತನೆಂದರೆ ಏನೋ ಕೇಳಲು ಬಂದಿದ್ದಾನೆ ಎಂದೇ ಅರ್ಥ.

"ಹಲಿಮಕ್ಕ, ಪಟ್ಟಣದಲ್ಲಿ ಚೀನಾದವರ ಭಾಷಾ ಕೇಂದ್ರ ಇದೆಯಲ್ಲ, ಅವರು ನಮ್ಮ ಶಾಲೆಗೆ ಒಂದು ಪೂರ್ತಿ ರೂಮು ಕಟ್ಟಿಸಿಕೊಡ್ತಾರಂತೆ. ಹದಿನೈದು ಕಂಪ್ಯೂಟರು. ಗೋಡೆ ತುಂಬ ಟಿವಿ. ಚೆನ್ನಾಗಿ ಓದಿದ ಮಕ್ಕಳಿಗೆ ಚೀನಾದ ಶಿಆನ್‌ನಲ್ಲಿ ಕಾಲೇಜು ಸೀಟು."

"ಒಳ್ಳೇದಾಯ್ತು. ಕಟ್ಟಿಸ್ಲಿ."

"ಅದಕ್ಕೆ ವಾರಕ್ಕೆ ಎರಡು ಪೀರಿಯಡ್ ಕೊಡ್ಬೇಕು."

"ಕೊಡು. ಡ್ರಿಲ್ಲಿಗೆ ಎರಡಿದೆಯಲ್ಲ."

"ಡ್ರಿಲ್ಲು ತೆಗೆದ್ರೆ ಇನ್‌ಸ್ಪೆಕ್ಟರು ನನ್ನೇ ತೆಗೀತಾನೆ. ರಷ್ಯನ್ ಮುಟ್ಟಂಗಿಲ್ಲ, ಕಿರ್ಗಿಜ್ ಮುಟ್ಟಂಗಿಲ್ಲ. ಮುಟ್ಟಬಹುದಾದ್ದು ಅಂದ್ರೆ..."

"ನಂದು."

ಅವನು ಬೆಳ್ಳುಳ್ಳಿಯ ಸಿಪ್ಪೆ ಸುಲಿಯತೊಡಗಿದ. ಜಡೆ ಹೆಣೆಯುವ ಬೆಳ್ಳುಳ್ಳಿಯ ಸಿಪ್ಪೆ ಯಾರಾದರೂ ಸುಲಿಯುತ್ತಾರೆಯೇ? ಕಸಿದುಕೊಂಡೆ.

"ಎರಡೂ ಒಂದೇ ಮಾತು ತಾನೇ ಅಕ್ಕ? ಅವರದ್ದೂ ಚೀನೀನೇ, ನಮ್ದೂ ಚೀನೀನೇ."

"ಒಂದೇ ಆಗಿದ್ರೆ ನಂದನ್ನೇ ಇಟ್ಕೋ. ಅವರದ್ದು ಯಾಕೆ?"

ಅವನು ಜೇಬಿನಿಂದ ಒಂದು ಕಾಗದ ತೆಗೆದ. ಮಾತೃಭಾಷೆಯ ಎರಡು ಪೀರಿಯಡ್ಡುಗಳನ್ನು ನಾನು ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂದು ರಷ್ಯನ್ನಿನಲ್ಲಿ ಅಂದವಾಗಿ ಟೈಪು ಮಾಡಿಸಿದ್ದ. ಕೆಳಗೆ ನನ್ನ ಹೆಸರು, ಮೇಲೆ ಸಹಿಗೆ ಜಾಗ. ಟೀಚರ ಸಹಿ ಇಲ್ಲದೆ ಕೇಂದ್ರದವರು ಒಪ್ಪಂದ ಮಾಡಿಕೊಳ್ಳುವುದಿಲ್ಲವಂತೆ, ನಾಳೆ ಯಾರೂ ಬಾಯಿ ಮಾಡಬಾರದಲ್ಲ. ಮದುವೆಯ ದಿನ ಊಟದ ಹೊತ್ತಿಗೆ ಕೇಂದ್ರದ ನಿರ್ದೇಶಕರೂ ಸಿನಿಮಾ ತೆಗೆಯುವವರೂ ಬರುತ್ತಾರಂತೆ, ಅಲ್ಲೇ ಎಲ್ಲರೆದುರು ಒಪ್ಪಂದ ಆಗಬೇಕಂತೆ.

"ಯೋಚನೆ ಮಾಡ್ತೀನಿ," ಎಂದು ಕಾಗದ ತೆಗೆದುಕೊಂಡೆ. ಚಹಾದ ಡಬ್ಬಿ ವಾಪಸು ಕೊಟ್ಟೆ. ಮೂಗಿಗೆ ತುಪ್ಪ ಸವರಿಸಿಕೊಳ್ಳುವ ವಯಸ್ಸು ನನ್ನದಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಮಕ್ಕಳು ಚೀನಾದವರ ಭಾಷೆ ಕಲಿಯಬಾರದು ಎಂದು ನಾನು ಯಾವತ್ತೂ ಹೇಳಿದವಳಲ್ಲ. ದೊಡ್ಡ ಬಜಾರಿನಲ್ಲಿ ಚೀನಾದ ವ್ಯಾಪಾರಿಗಳಿಗೆ ದುಭಾಷಿಯಾಗಿ ನಿಂತು ನಮ್ಮ ಹುಡುಗರು ಮನೆ ಕಟ್ಟಿದ್ದಾರೆ. ಸೈದೆಯೂ ಅಲ್ಲೇ ಜವಳಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಕಲಿಯಲಿ, ಹತ್ತು ಭಾಷೆ ಕಲಿಯಲಿ. ಆದರೆ ಮನೆಗೆ ಬಂದ ಅತಿಥಿ ಕೂರಲು ಮನೆಯ ಅಜ್ಜಿಯನ್ನು ಹೊರಗೆ ಎಬ್ಬಿಸಿ ಕಳಿಸುವುದು ಯಾವ ಊರಿನ ಮರ್ಯಾದೆ?

ಮದುವೆಗೆ ಒಂದು ವಾರ ಇರುವಾಗ ಕೇಂದ್ರದ ನಿರ್ದೇಶಕ ಚಿಯಾವ್ ಖುದ್ದಾಗಿ ನಮ್ಮ ಮನೆಗೆ ಬಂದರು. ತೆಳ್ಳಗಿನ ಮನುಷ್ಯ, ನಲವತ್ತೈದರ ಆಸುಪಾಸು, ಬಲು ವಿನಯ. ಬಾಗಿಲಲ್ಲಿ ತಾವೇ ಚಪ್ಪಲಿ ಬಿಚ್ಚಿ ನೀಟಾಗಿ ಜೋಡಿಸಿಟ್ಟರು. ನಮ್ಮೂರಲ್ಲಿ ಮದುಮಗಳಿಗೆ ಹಳೆಯ ಕ್ರಮದಲ್ಲಿ ತಲೆ ಕಟ್ಟಲು ಬರುವುದು ಈಗ ನನಗೊಬ್ಬಳಿಗೇ. ಅದನ್ನು ಅವರಿಗೆ ಸಿನಿಮಾ ತೆಗೆಯಬೇಕಿತ್ತು. ಅವರು ಮಾತಾಡಿದರೆ ಪಾಠದ ಪುಸ್ತಕ ಎದ್ದು ನಡೆದು ಬಂದ ಹಾಗಿರುತ್ತಿತ್ತು.

"ಪೂಜ್ಯ ಹಿರಿಯರೇ, ತಮ್ಮ ನುಡಿಯು ನೂರೈವತ್ತು ವರ್ಷಗಳ ಹಿಂದಿನ ನಮ್ಮ ಗ್ರಾಮೀಣ ಜನರ ನುಡಿಯಾಗಿದೆ. ಅದೊಂದು ಅಮೂಲ್ಯವಾದ ಪಳೆಯುಳಿಕೆ. ನಮ್ಮ ವಿದ್ವಾಂಸರು ಅದನ್ನು ಧ್ವನಿಮುದ್ರಿಸಿ ಸಂರಕ್ಷಿಸಲಿದ್ದಾರೆ. ಆದರೆ ಮಕ್ಕಳ ಭವಿಷ್ಯಕ್ಕೆ ಶುದ್ಧ ಭಾಷೆಯ ಅಗತ್ಯವಿದೆ."

"ಪಳೆಯುಳಿಕೆ ಅಂದ್ರೆ ಸತ್ತೋಗಿರೋದಲ್ವಾ ಚಿಯಾವ್ ಸಾರ್? ಇವತ್ತು ಬೆಳಿಗ್ಗೆ ನಾನು ಇದೇ ಮಾತಲ್ಲಿ ಹಸೂಗೆ ಬೈದೆ. ಪಕ್ಕಕ್ಕೆ ಸರೀತಲ್ಲ!"

ಅವರು ನಕ್ಕರು. ನಗು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಗೋಡೆಯ ಮೇಲಿದ್ದ ನಮ್ಮ ಅಕ್ಷರಮಾಲೆಯ ಪಟ ನೋಡಿದರು. "ಈ ಲಿಪಿಯು ರಷ್ಯನ್ನರದು. ಎರವಲು ವಸ್ತ್ರ. ತಮ್ಮ ಪೂರ್ವಜರ ಭವ್ಯ ಲಿಪಿಗೆ ಮರಳುವ ಹಂಬಲ ತಮಗಿಲ್ಲವೇ?"

"ನಮ್ಮ ಪೂರ್ವಜರಿಗೆ ಆ ಲಿಪೀಲಿ ಒಂದು ಗೀಟು ಎಳೆಯಕ್ಕೂ ಬರ್ತಿರಲಿಲ್ಲ ಸಾರ್. ಗಾಡಿ ಹೊಡೆಯೋರು, ಬತ್ತ ಬೆಳೆಯೋರು. ಓದು ಬಲ್ಲೋರು ಯಾರು ಗೊತ್ತಾ? ದಂಗೆ ಎದ್ದ ನಮ್ಮೋರ ತಲೆ ಕಡೀಬೇಕು ಅಂತ ಹುಕುಂ ಬರೆದೋರು. ಚಳಿಗಾಲದಲ್ಲಿ ಹಿಮದ ಬೆಟ್ಟ ಹತ್ತಿ ಇಳಿದು ಬಂದ್ವಿ. ನಮ್ಮ ಮುತ್ತಜ್ಜಿ ಕಾಲಲ್ಲಿ ಮೂರೇ ಬೆರಳು ಉಳಿದಿದ್ದು. ಇಲ್ಲಿ ಬಂದ ಮೇಲೆ ನಮ್ಮ ಮಾತು ಕಾಗದದ ಮೇಲೆ ನೆಲೆ ನಿಂತಿದ್ದು ಈ ಅಕ್ಷರದಲ್ಲೇ. ಎರವಲೋ ಗಿರವಲೋ, ಮೈಗೆ ಸರಿಯಾಗಿ ಕೂತಿದೆ."

ಅವರು ಚಹಾ ಪೂರ್ತಿ ಕುಡಿದರು. ಹೊರಡುವಾಗ ಮಾತ್ರ, "ಮದುವೆಯ ಆಚರಣೆಗಳೆಲ್ಲವೂ ಯಥಾವತ್ತಾಗಿ ನಡೆಯಲಿ. ಏನನ್ನೂ ಬದಲಿಸಬಾರದು, ಏನನ್ನೂ ಬಿಡಬಾರದು. ಚಿತ್ರಕ್ಕೆ ಸಾಚಾತನವೇ ಜೀವಾಳ," ಎಂದರು.

ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಸೈದೆಯ ತಲೆಗೆ ನೀರು ಹಾಕಿ ಒಣಗಿಸುತ್ತ ಕೂತಿದ್ದೆವು. ಕೂದಲು ನಿಲ್ಲಿಸಲು ಮರದ ತೊಗಟೆ ನೆನೆಸಿದ ಅಂಟುನೀರು ಪಕ್ಕದಲ್ಲಿತ್ತು. ಮದುವೆಯ ದಿನ ನಮ್ಮಲ್ಲಿ ಮದುಮಗಳು ತುಟಿ ಬಿಚ್ಚುವ ಹಾಗಿಲ್ಲ. ಹಾಗಾಗಿ ಹೇಳುವುದನ್ನೆಲ್ಲ ಅವತ್ತೇ ಹೇಳಿ ಮುಗಿಸಬೇಕಿತ್ತು.

"ಅತ್ತೆ, ನನ್ನ ಮದುವೇಲಿ ಜಗಳ ಮಾಡ್ಬೇಡ. ಮಾವ ಹೆದರಿಕೊಂಡಿದಾರೆ. ನೀನು ಸಹಿ ಹಾಕಿಲ್ಲವಂತೆ."

"ಹಾಕು ಅಂತೀಯಾ?"

ಅವಳು ಒದ್ದೆ ಕೂದಲ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬಜಾರಲ್ಲಿ ಚೀನಾದ ಗಿರಾಕಿಗಳು ನನ್ನ ಮಾತು ಕೇಳಿ ನಗೋರು ಅತ್ತೆ. 'ನಮ್ಮ ಸತ್ತ ಮುತ್ತಜ್ಜಿ ಎದ್ದು ಬಂದಂಗಿದೆ' ಅನ್ನೋರು. ನಾನೂ ಅವರ ಜೊತೆ ನಗ್ತಿದ್ದೆ. ಮನೆಗೆ ಬಂದು ಅಳ್ತಿದ್ದೆ." ಆಮೇಲೆ ಕೈಗನ್ನಡಿ ನೋಡಿಕೊಂಡು ಹೇಳಿದಳು: "ಹಾಕ್ಬೇಡ. ಆದ್ರೆ ಜಗಳಾನೂ ಮಾಡ್ಬೇಡ."

"ಜಗಳ ಮಾಡಲ್ಲ ಕಣೆ. ಶಾಸ್ತ್ರ ಮಾಡ್ತೀನಿ."

ಅವಳು ತಿರುಗಿ ನನ್ನ ಮುಖ ನೋಡಿದಳು. ಹುಡುಗಿ ಚುರುಕು. "ಮಸಿ ಶಾಸ್ತ್ರಾನಾ?" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯೋ, ಮಾವ ಸತ್ರು!"

ಬೇರೆ ಕಡೆ ಮುಖಕ್ಕೆ ಮಸಿ ಬಳಿದರೆ ಮಾನ ಹೋಯಿತು ಅನ್ನುತ್ತಾರೆ. ನಮ್ಮಲ್ಲಿ ಮದುವೆಯ ದಿನ ಬೀಗರಿಗೆ ಮಸಿ ಬಳಿಯದೆ ಬಿಟ್ಟರೆ ಮಾನ ಹೋಗುತ್ತದೆ. ದೊಡ್ಡ ಬಾಣಲೆಯ ತಳದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಮದುಮಗನ ಅಪ್ಪ ಅಮ್ಮನ ಮುಖಕ್ಕೆ ಮೆತ್ತುತ್ತಾರೆ. ಕೊರಳಿಗೆ ಮೆಣಸಿನಕಾಯಿ ಹಾರ ಹಾಕಿ, ಕೈಗಾಡಿಗೆ ಹೂಡಿ, ಮದುಮಗಳ ಸೋದರತ್ತೆಯನ್ನು ಮೇಲೆ ಕೂರಿಸಿ ಬೀದಿ ತುಂಬ ಎಳೆಸುತ್ತಾರೆ. ಮನೆ ಬಾಗಿಲಿಗೆ ಬಂದಾಗ ಸೋದರತ್ತೆ ಒಂದೇ ಒಂದು ಬೇಡಿಕೆ ಇಡುತ್ತಾಳೆ. ಮುಖದಲ್ಲಿ ಮಸಿ ಇರುವಾಗ ಇಲ್ಲ ಎನ್ನುವ ಹಾಗಿಲ್ಲ, ಎಂದರೆ ಬಂದ ಸೊಸೆ ಆ ಮನೆಯಲ್ಲಿ ಬಾಳುವುದಿಲ್ಲ. ಸಾಮಾನ್ಯವಾಗಿ ಒಂದು ವಲ್ಲಿಯೋ ಒಂದು ಹಾಡೋ ಕೇಳಿ ನಕ್ಕು ಬಿಡುತ್ತಾರೆ. ಆದರೆ ಇಸ್ಮಾರನ ಮದುವೆಯಲ್ಲಿ ಅವನ ಹೆಂಡತಿಯ ಸೋದರತ್ತೆ ಕಂದು ಕುದುರೆಯನ್ನೇ ಕೇಳಿದ್ದಳು. ಇಸ್ಮಾರನ ಅಪ್ಪ ಕಣ್ಣೀರು ಹಾಕಿಕೊಂಡೇ ಲಗಾಮು ಕೊಟ್ಟ. ಒಣಗಿದ ಮಸಿಯ ಮೇಲೆ ಎರಡು ಗೆರೆ ಇಳಿದದ್ದನ್ನು ನಾನೇ ನೋಡಿದ್ದೇನೆ.

ಮದುವೆಯ ದಿನ, ಅಕ್ಟೋಬರಿನ ಒಂದು ಭಾನುವಾರ, ಬಿಸಿಲು ಚೆನ್ನಾಗಿತ್ತು. ತಲೆ ಕಟ್ಟಲು ನಾಲ್ಕು ಗಂಟೆ ಹಿಡಿಯಿತು. ಕ್ಯಾಮೆರಾದವರು ನನ್ನ ಬೆರಳಿನ ಸಂದಿಗೇ ಮೂಗು ತೂರಿಸಿದ್ದರು. ಅವರಲ್ಲೊಬ್ಬಳು ಸೈದೆಯ ಮುಂದೆ ಕಾಗದ ಹಿಡಿದಳು. "ನಾನು ಅಜ್ಜಿಯ ನಾಡಿನ ಮಗಳು, ನನ್ನ ಹೃದಯ ಅಲ್ಲಿದೆ" ಎಂದು ಕ್ಯಾಮೆರಾ ನೋಡಿ ಹೇಳಬೇಕಂತೆ. ಸೈದೆ ತುಟಿ ಬಿಗಿದು ನೆಲ ನೋಡಿದಳು.

"ಇವತ್ತು ಅವಳು ಮಾತಾಡಂಗಿಲ್ಲ," ಎಂದೆ. "ಏನನ್ನೂ ಬದಲಿಸಬಾರದು ಅಂತ ನಿಮ್ಮ ಸಾಹೇಬ್ರೇ ಹೇಳಿದಾರೆ."

ಕೂದಲ ಕೆಳಗೆ ಸೈದೆಯ ಭುಜ ಕುಲುಕುತ್ತಿತ್ತು. ನಗು ತಡೆಯುತ್ತಿದ್ದಳು. ಕೊನೆಯ ಪಿನ್ನು ಸಿಕ್ಕಿಸಿದ ಮೇಲೆ ಬಾಚಣಿಗೆ ಪೆಟ್ಟಿಗೆಯೊಳಗಿದ್ದ ಆ ಕಾಗದವನ್ನು ನಾಲ್ಕಾಗಿ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡೆ. ಹೆದರಿಕೆ ಆಗಲಿಲ್ಲವೇ ಎಂದರೆ ಆಯಿತು. ಶಾಸ್ತ್ರ ಬೇರೆ, ಶಾಲೆ ಬೇರೆ ಎಂದು ಇಸ್ಮಾರ್ ಒಂದು ಮಾತು ಅಂದುಬಿಟ್ಟರೆ ನನ್ನ ಎರಡು ಪೀರಿಯಡ್ಡೂ ಹೋಯಿತು, ಊರ ಮುಂದೆ ನನ್ನ ಮಾನವೂ ಹೋಯಿತು.

ಬೀಗರ ಬೀದಿಯಲ್ಲಿ ಜನ ಕಿಕ್ಕಿರಿದಿತ್ತು. ಇಸ್ಮಾರನನ್ನೂ ಅವನ ಹೆಂಡತಿ ಜೈನೆಪಳನ್ನೂ ಹೆಂಗಸರು ಹಿಡಿದು ಮಸಿ ಮೆತ್ತಿದರು. ಹೆಡ್ ಮೇಷ್ಟ್ರ ಕನ್ನಡಕಕ್ಕೂ ಬಿಡಲಿಲ್ಲ. ತಲೆಗೆ ಕೋಸಿನ ಎಲೆಯ ಟೋಪಿ ಹಾಕಿದರು. ಅವನ ಕೈಯಲ್ಲಿ ಪೆಟ್ಟು ತಿಂದ ಹಳೆಯ ವಿದ್ಯಾರ್ಥಿಗಳು ಹಗ್ಗ ಬಿಗಿಯುವಾಗ ತೋರಿಸಿದ ಉತ್ಸಾಹವನ್ನು ಪರೀಕ್ಷೆಯಲ್ಲಿ ತೋರಿಸಿದ್ದರೆ ಪಾಸಾಗಿರುತ್ತಿದ್ದರು. ನಾನು ಗಾಡಿ ಹತ್ತಿದೆ.

"ಹೋಯ್, ಎಳಿ ಬೀಗ! ರಾತ್ರಿಯೆಲ್ಲ ಕುರಿಮಾಂಸ ತಿಂದಿದೀಯಲ್ಲ, ಎಲ್ಲೋಯ್ತು ಶಕ್ತಿ?"

"ಬೀಗಿತ್ತಿ ಭಾರ ಜಾಸ್ತಿ!" ಎಂದ ಇಸ್ಮಾರ್ ಏದುಸಿರು ಬಿಡುತ್ತ. "ಗಾಡೀಲಿ ನೀನು ಕೂತಿದೀಯೋ ನಿನ್ನ ಹಟ ಕೂತಿದೆಯೋ?"

"ಇಬ್ರೂ ಕೂತಿದೀವಿ. ಎಳಿ."

ಬೀದಿಯೇ ನಕ್ಕಿತು. ಚಿಯಾವ್ ಅವರೂ ಚಪ್ಪಾಳೆ ತಟ್ಟುತ್ತ ಪಕ್ಕದಲ್ಲೇ ಓಡಿಬರುತ್ತಿದ್ದರು. ಬಾಗಿಲಿಗೆ ಬಂದಾಗ ಗಾಡಿ ನಿಂತಿತು. ಪದ್ಧತಿಯಂತೆ ಎಲ್ಲರೂ ಸುಮ್ಮನಾದರು. ಕ್ಯಾಮೆರಾ ಹತ್ತಿರ ಬಂತು. ಇಸ್ಮಾರ್ ಉಸಿರು ತೆಗೆದುಕೊಂಡು ಕೇಳಬೇಕಾದ ಮಾತು ಕೇಳಿದ: "ಹೇಳು ಬೀಗಿತ್ತಿ, ನಮ್ಮ ಮನೆ ಬೆಳಕು ತಂದಿದೀಯ, ಬದಲಿಗೆ ಏನು ಕೊಡಲಿ?"

ನಾನು ಗಾಡಿಯ ಮೇಲೆ ಎದ್ದು ನಿಂತೆ.

"ನನ್ನ ಶನಿವಾರದ ಎರಡು ಪೀರಿಯಡ್ಡು ನನಗೆ ಕೊಡು. ನಾನಿರೋವರೆಗೂ ನನಗೆ. ನಾನು ಸತ್ತ ಮೇಲೆ ನನ್ನ ಜಾಗಕ್ಕೆ ಬರೋಳಿಗೆ." ಕಾಗದ ತೆಗೆದು ಅವನ ಕೈಗಿಟ್ಟೆ. "ತಗೋ ನಿನ್ನ ಕಾಗದ. ಇದರಲ್ಲೇ ಮುಖ ಒರೆಸ್ಕೋ."

ಹಿಂದಿನಿಂದ ಯಾರೋ ಹೆಂಗಸು, "ಕಂಪ್ಯೂಟರ್ ಬರೋದಿತ್ತಲ್ಲೇ, ಹಾಳಾದೋಳು!" ಎಂದಳು. ಇಸ್ಮಾರನ ಬಿಳಿಗಣ್ಣು ಮಾತ್ರ ಕಾಣುತ್ತಿತ್ತು. ಅವನು ಚಿಯಾವ್ ಅವರನ್ನು ನೋಡಿದ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಸೊಸೆಯನ್ನು ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ. ಅವತ್ತು ಅಪ್ಪನ ಕುದುರೆ ಹೋದಾಗ ಅವನೂ ಅಲ್ಲೇ ನಿಂತಿದ್ದನಲ್ಲ.

"ಕೊಡ್ರೀ ಬೇಗ!" ಎಂದು ಜೈನೆಪ್ ಹಗ್ಗದೊಳಗಿಂದಲೇ ಅವನ ಪಕ್ಕೆಗೆ ತಿವಿದಳು. "ಮಸಿ ಕಣ್ಣಿಗಿಳೀತಿದೆ. ಮನೆಗೆ ಬಂದ ಹುಡುಗಿ ಬಾಳೋದು ಬೇಡವಾ?"

ಇಸ್ಮಾರ್ ಕನ್ನಡಕ ತೆಗೆದ. ಕಾಗದ ಬಿಡಿಸಿ, ಹಣೆಯಿಂದ ಗದ್ದದವರೆಗೆ ಒಂದೇ ಎಳೆತಕ್ಕೆ ಮುಖ ಒರೆಸಿಕೊಂಡ. ಟೈಪು ಮಾಡಿಸಿದ ಅಕ್ಷರವೆಲ್ಲ ಕಪ್ಪಾಯಿತು.

"ಕೊಟ್ಟೆ," ಎಂದ.

ಆಗ ಎದ್ದ ಕೂಗು ನದಿಯಾಚೆ ಕಜಾಕ್ ದಡಕ್ಕೂ ಕೇಳಿಸಿರಬೇಕು. ನಾನು ಗಾಡಿಯಲ್ಲೇ ಕೂತು ಅಳುತ್ತ ನಕ್ಕೆ. ನನ್ನ ಮುಖಕ್ಕೂ ಮಸಿ ಬಳಿದವರು ಯಾರೋ ಗೊತ್ತಾಗಲಿಲ್ಲ.

ಚಿಯಾವ್ ಹೆಡ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. ನಾನೂ ಹೋದೆ, ಯಾಕೆ ಹೋಗಬಾರದು? "ಇದು ಜಾನಪದ ವಿನೋದವಲ್ಲವೇ? ಒಪ್ಪಂದದ ವಿಷಯವು ಪ್ರತ್ಯೇಕವಾದುದು. ಇನ್ನೊಂದು ಪ್ರತಿಯು ನನ್ನಲ್ಲಿದೆ," ಎಂದರು.

ಇಸ್ಮಾರ್ ಅರ್ಧ ಕಪ್ಪು ಮುಖದಲ್ಲಿ ಕೈ ಕಟ್ಟಿ ನಿಂತಿದ್ದ. ಜನ್ಮದಲ್ಲಿ ಯಾವ ಅಧಿಕಾರಿಯ ಮುಂದೆಯೂ ದನಿ ಎತ್ತದವನು ಹೇಳಿದ: "ವಿನೋದ ನಿಮ್ಮ ಕ್ಯಾಮೆರಾಕ್ಕೆ ಸಾರ್. ನನಗೆ ಅದು ಮಾತು."

ಚಿಯಾವ್ ನನ್ನ ಕಡೆ ತಿರುಗಿದರು. ಪಾಠದ ಪುಸ್ತಕ ಅವರ ಬಾಯಿಂದ ಎಲ್ಲೋ ಬಿದ್ದುಹೋಗಿತ್ತು. "ನಮ್ಮಜ್ಜೀನೂ ಹಿಂಗೇ ಮಾತಾಡೋಳು," ಎಂದರು, ಮೆಲ್ಲಗೆ, ಹೆಚ್ಚೂಕಡಿಮೆ ನಮ್ಮದೇ ಮಾತಿನಲ್ಲಿ. "ಇಸ್ಕೂಲಲ್ಲಿ ನಾನು ಹಂಗೆ ಮಾತಾಡಿದ್ರೆ ಬಿಸಿಲಲ್ಲಿ ನಿಲ್ಲಿಸೋರು. ಅದಕ್ಕೇ ಬಿಟ್ಟೆ."

"ಹಂಗಾದ್ರೆ ನಿಮಗೆ ಅರ್ಥ ಆಗಿದೆ."

"ಎಲ್ಲಾ ಅರ್ಥ ಆಯ್ತು ಅಕ್ಕ." ಹದಿಮೂರು ಬಗೆಯ ಊಟಕ್ಕೂ ಕೂರದೆ ಅವರು ಹೊರಟುಹೋದರು. ಅವತ್ತು ಆ ಮನುಷ್ಯನ ಬಗ್ಗೆ ನನಗೆ ಪಾಪ ಎನಿಸಿತು.

ರೂಮು ನಮ್ಮ ಶಾಲೆಗೆ ಬರಲಿಲ್ಲ. ಹದಿನೈದು ಕಂಪ್ಯೂಟರೂ ಗೋಡೆ ತುಂಬುವ ಟಿವಿಯೂ ಪಕ್ಕದ ಊರಿಗೆ ಹೋದವು. ನಮ್ಮೂರಿನ ಆರು ಮಕ್ಕಳು ಬಸ್ಸು ಹಿಡಿದು ಅಲ್ಲಿಗೆ ಹೋಗಿ ಕಲಿಯುತ್ತಾರೆ. ಹೋಗಲಿ, ಅದರಲ್ಲಿ ಇಬ್ಬರು ಶನಿವಾರ ನನ್ನ ಬೆಂಚಿನಲ್ಲೂ ಕೂರುತ್ತಾರೆ. ಕೆಲವು ತಾಯಂದಿರು ಮಾತ್ರ ಬೀದಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅದು ನೋಯುವುದಿಲ್ಲ ಎಂದರೆ ಸುಳ್ಳು. ಅವರ ಮಕ್ಕಳ ಕೈಗೆ ಬರಬೇಕಿದ್ದುದನ್ನು ನಾನು ತಪ್ಪಿಸಿದ್ದು ನಿಜ. ಇನ್ನೊಂದು ಸಲ ಗಾಡಿ ಹತ್ತಿಸಿದರೆ ಇದನ್ನೇ ಕೇಳುತ್ತೇನೆ ಎನ್ನುವುದೂ ಅಷ್ಟೇ ನಿಜ.

ಫೆಬ್ರವರಿಯಲ್ಲಿ ಸಿನಿಮಾ ಇಂಟರ್‌ನೆಟ್ಟಿಗೆ ಬಂತು. ಶನಿವಾರ ಮಕ್ಕಳು ಫೋನು ಹಿಡಿದುಕೊಂಡೇ ಕ್ಲಾಸಿಗೆ ಬಂದರು. ಹನ್ನೊಂದು ಮಕ್ಕಳು, ಒಂದು ಫೋನು, ತಲೆಗೆ ತಲೆ ತಾಗಿಸಿ ನೋಡಿದೆವು. ನಮ್ಮೂರು ಅಷ್ಟು ಚೆಂದ ಎಂದು ನನಗೇ ಗೊತ್ತಿರಲಿಲ್ಲ. ಸೈದೆಯ ತಲೆ, ಮೆಣಸಿನಕಾಯಿ ಹಾರ, ಗಾಡಿ. ನಾನು ಎದ್ದು ನಿಲ್ಲುತ್ತೇನೆ. ನನ್ನ ದನಿ ಸ್ಪಷ್ಟವಾಗಿ ಕೇಳುತ್ತಿದೆ. ಕೆಳಗೆ ಚೀನೀ ಲಿಪಿಯಲ್ಲೂ ರಷ್ಯನ್ನಿನಲ್ಲೂ ಸಾಲು ಮೂಡಿತು: "ಪೂರ್ವಜರ ನಾಡಿನ ನೆನಪಿಗೆ ನನಗೊಂದು ರೇಷ್ಮೆ ಕರವಸ್ತ್ರ ಕೊಡು." ಇಸ್ಮಾರ್ ಕಾಗದದಲ್ಲಿ ಮುಖ ಒರೆಸಿಕೊಂಡ. ರೇಷ್ಮೆಯೇ ಇರಬೇಕು ಎನ್ನುವ ಹಾಗೆ ಸಂಗೀತ ಎದ್ದಿತು.

ಎಲ್ಲಾ ಅರ್ಥ ಆಯ್ತು ಅಕ್ಕ ಎಂದಿದ್ದರಲ್ಲ ಚಿಯಾವ್. ಅರ್ಥವಾಗದೆ ಹೀಗೆ ಬರೆದಿದ್ದರೆ ಕ್ಷಮಿಸುತ್ತಿದ್ದೆ.

ಒಂಬತ್ತು ವರ್ಷದ ಮೇದಿನೆ ಮೊದಲು ತಲೆ ಎತ್ತಿದಳು. "ಟೀಚರ್, ಸುಳ್ಳು ಬರೆದಿದಾರೆ! ನೀವು ಕರವಸ್ತ್ರ ಕೇಳೇ ಇಲ್ಲ!"

"ಏನು ಕೇಳಿದೆ, ಬರಿ ನೋಡೋಣ," ಎಂದು ಸೀಮೆಸುಣ್ಣ ಕೊಟ್ಟೆ.

ಅವಳು ಬೋರ್ಡಿನ ಮೇಲೆ ನಮ್ಮ ಮಾತಿನಲ್ಲಿ, ನಮ್ಮ ಅಕ್ಷರದಲ್ಲಿ, ನಾಲಿಗೆ ಹೊರಗೆ ಹಾಕಿಕೊಂಡು ಬರೆದಳು: ನನ್ನ ಶನಿವಾರದ ಎರಡು ಪೀರಿಯಡ್ಡು ನನಗೆ ಕೊಡು. ಎರಡು ತಪ್ಪಿತ್ತು. ತಿದ್ದಿಸಿದೆ. ಆಮೇಲೆ ಹನ್ನೊಂದು ಮಕ್ಕಳೂ ಒಬ್ಬೊಬ್ಬರಾಗಿ ಫೋನು ತೆಗೆದುಕೊಂಡು ಸಿನಿಮಾದ ಕೆಳಗೆ, ನೋಡಿದವರು ಬರೆಯುವ ಜಾಗದಲ್ಲಿ, ಅದೇ ಸಾಲು ಬರೆದರು. ಮಧ್ಯಾಹ್ನ ಸೈದೆ ಬರೆದಳು, ಇಸ್ಮಾರ್ 'ಹೆಡ್ ಮೇಷ್ಟ್ರು' ಎಂದೇ ಹೆಸರು ಹಾಕಿ ಬರೆದ. ವಾರ ಕಳೆಯುವುದರೊಳಗೆ ನದಿಯಾಚೆಯ ನಮ್ಮವರೂ ಸೇರಿ ಇನ್ನೂರು ದಾಟಿತು. ನನ್ನನ್ನು ಕಂಡು ಮುಖ ತಿರುಗಿಸುತ್ತಿದ್ದ ಇಬ್ಬರು ತಾಯಂದಿರ ಹೆಸರೂ ಅದರಲ್ಲಿತ್ತು.

ಗುರುವಾರ ಕೇಂದ್ರದವರು ಎಲ್ಲವನ್ನೂ ಅಳಿಸಿದರು.

ಶನಿವಾರ ಬೆಳಿಗ್ಗೆ ಎರಡು ಪೀರಿಯಡ್ಡು ನನ್ನದೇ. ಮತ್ತೆ ಬರೆಸಿದೆ.